ಪಾವಗಡದ ಜಗಲಿಯಲ್ಲಿ ಕೂತ ಎರಡು ದಿನ

ಮಧುಗಿರಿಯಿಂದ ಪಾವಗಡದ ಬಸ್ಸು ಹೊರಟಾಗ ಬೆಳಗಿನ ಎಂಟು ಗಂಟೆ. ಬಂಡೆ ಬೆಟ್ಟ ಆಗಲೇ ಕಾಯತೊಡಗಿತ್ತು. ನಾನು ಮಧುಗಿರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಈ ರಜೆ ನಾನಾಗಿ ಕೇಳಿದ್ದಲ್ಲ. ಹಿಂದಿನ ದಿನ ಸಿರಾಕ್ಕೆ ಕೇಳಿದ ಟ್ರಂಕ್ ಕಾಲನ್ನು ಪಾವಗಡಕ್ಕೆ ಕೊಟ್ಟು, ಕಡಲೆಕಾಯಿ ವ್ಯಾಪಾರಿಯೊಬ್ಬರಿಂದ ಮುಖಕ್ಕೆ ಮಂಗಳಾರತಿ ಎತ್ತಿಸಿಕೊಂಡಿದ್ದೆ. ಸೂಪರ್‌ವೈಸರು ಹೆಡ್‌ಫೋನ್ ಬಿಚ್ಚಿಡಲು ಹೇಳಿ, “ಎರಡು ದಿನ ಈ ಕಡೆ ತಲೆ ಹಾಕಬೇಡ ಕಣಮ್ಮ” ಎಂದರು.

ಎಕ್ಸ್‌ಚೇಂಜಿನಲ್ಲಿ ನನ್ನ ಪಕ್ಕದ ಬೋರ್ಡಿನಲ್ಲಿ ಕೂರುತ್ತಿದ್ದ ರತ್ನ ಕಾಮಾಲೆಯಿಂದ ತೀರಿಕೊಂಡು ತಿಂಗಳಾಗಿತ್ತು. ನಾವಿಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿದ್ದವರು. ಅವಳ ಪಾಳಿಯನ್ನೂ ನಾನೇ ಕೇಳಿ ತೆಗೆದುಕೊಂಡೆ. ಕೋಣೆಗೆ ಹೋದರೆ ಸುತ್ತಿಟ್ಟ ಅವಳ ಹಾಸಿಗೆ ಕಾಣುತ್ತಿತ್ತು. ಬೋರ್ಡಿನ ಮುಂದೆ ಆ ಕಾಟವಿರಲಿಲ್ಲ. ಈಗ ಎರಡು ದಿನ ಎಲ್ಲಿ ಕಳೆಯುವುದು? ಸಿರಾದ ನಮ್ಮ ಮನೆಗೆ ಹೋದರೆ ಅಮ್ಮೀಜಾನ್ ಮದುವೆ ಮಾತು ತೆಗೆಯುತ್ತಾರೆ. ರತ್ನಳ ತಾಯಿ ಲಕ್ಕಮ್ಮನವರನ್ನಾದರೂ ಮಾತಾಡಿಸಿ ಬರೋಣವೆಂದು ಹೊರಟೆ.

ಆರು ರೂಪಾಯಿ ಟಿಕೆಟ್ಟು, ಸುಮಾರು ಅರವತ್ತು ಕಿಲೋಮೀಟರು. ಮಿಡಿಗೇಶಿಯಲ್ಲಿ ಚಹಾ ಕುಡಿದೆ. ಅಲ್ಲಿಂದ ಮುಂದೆ ಬಸ್ಸಿನೊಳಗೆ ಕನ್ನಡ ಇಳಿದು ತೆಲುಗು ಹತ್ತಿತು. ಪಾವಗಡ ಇನ್ನೂ ಮೂರು ಮೈಲಿ ಇರುವಾಗ, ಲಕ್ಕಮ್ಮನವರ ಮನೆಯೆದುರು ರಸ್ತೆಯಲ್ಲೇ ಇಳಿದೆ.

ಕುರಿ ಕಾಯುವ ಮನೆತನ. ಉಣ್ಣೆ ನೂಲುವ ಕದಿರು ಗೂಡಿನಲ್ಲಿ ಬಿದ್ದಿತ್ತು. “ತಿಥಿ ಆಗೋಗಂಟ ಮುಟ್ಟಬಾರ್ದು. ಆದ್ಮೇಲೂ ಕೈ ಹೋಗ್ಲಿಲ್ಲ ಪಾತಮ್ಮ. ಹೋದಾಗ ಹೋಗ್ತದೆ ಬುಡು” ಎಂದರು ಲಕ್ಕಮ್ಮನವರು. ಫಾತಿಮಾ ಎನ್ನುವ ನನ್ನ ಹೆಸರು ಅವರ ಬಾಯಲ್ಲಿ ಎಂದೂ ಪಾತಮ್ಮ.

ನನಗೆ ಸುಮ್ಮನಿರಲು ಬರಲಿಲ್ಲ. ಅಂಗಳ ಗುಡಿಸಿದೆ, ಪಾತ್ರೆ ತಿಕ್ಕಿದೆ, ನೀರಿಗೆ ಕೊಡ ಎತ್ತಿದೆ. ಅವರು ಕೊಡ ಕಿತ್ತುಕೊಂಡರು.

“ಅವ್ಳು ಹೋದ್ಮೇಲೆ ಒಂದ್ಸಲನಾದ್ರೂ ಅತ್ತಿಯೇನಮ್ಮ ನೀನು?”

“ಪುರುಸೊತ್ತಾಗಲಿಲ್ಲಮ್ಮ” ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು.

“ಕೂಚೋ ತಲ್ಲಿ, ಕೂತ್ಕೊ ತಾಯಿ” ಎಂದು ಜಗಲಿಯಲ್ಲಿ ಜಾಗ ಮಾಡಿದರು. ಕೂತೆ. ಬಿಸಿಲು ಅಂಗಳದಿಂದ ಗೋಡೆಗೆ ಏರಿತು. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೋ ತಿಳಿಯದೆ ಸೀರೆಯ ಸೆರಗನ್ನು ಸುತ್ತುತ್ತಿದ್ದೆ. ಹಾಗೇ ತೂಕಡಿಕೆ ಬಂದಿರಬೇಕು. ಬೀದಿಯಲ್ಲಿ ಯಾರೋ ಕೂಗಿದ್ದು ಕೇಳಿ ದಡಬಡಿಸಿ ಎದ್ದು, “ನಂಬರ್ ಹೇಳಿ” ಎಂದುಬಿಟ್ಟೆ.

ಲಕ್ಕಮ್ಮನವರು ನಕ್ಕರು. ನಗುತ್ತಲೇ ಅಂದರು: “ನನ್ ಮಗ್ಳೂ ಅಷ್ಟೆ ಕಣಮ್ಮ. ಇಲ್ಲಿಗೆ ಬಂದಾಗ ನಿದ್ದೇಲಿ ಇಂಗೇ ಅನ್ನೋಳು. ನಂಬರ್ ಹೇಳಿ, ನಂಬರ್ ಹೇಳಿ ಅಂತ.”

ಒಂದು ತಿಂಗಳಿಂದ ತಡೆದಿದ್ದ ಅಳು ಆಗ ಬಂತು. ಅವರ ಮಡಿಲಲ್ಲಿ ಮುಖವಿಟ್ಟು ಕತ್ತಲಾಗುವವರೆಗೂ ಅತ್ತೆ. ಅವರು ಬೆನ್ನ ಮೇಲಿಟ್ಟ ಕೈ ತೆಗೆಯಲಿಲ್ಲ. ರಾತ್ರಿ ಮುದ್ದೆ, ಹುರುಳಿ ಸಾರು ಉಂಡೆವು. ಮರುದಿನವೂ ಕೂತೇ ಇದ್ದೆವು. ದುಃಖ ಕಡಿಮೆಯಾಯಿತೆಂದು ಹೇಳಲಾರೆ. ಅದರ ಪಕ್ಕದಲ್ಲಿ ಕೂರಲು ಸಾಧ್ಯವಾಯಿತು, ಅಷ್ಟೆ.

ಸಂಜೆ ಬಸ್ಸಿನ ಹೊತ್ತಾಯಿತು. ಸಾವಿನ ಮನೆಗೆ ಮಾತಾಡಿಸಲು ಬಂದವರು ‘ಹೋಗಿ ಬರ್ತೀನಿ’ ಅನ್ನುವಂತಿಲ್ಲ. ಚೀಲ ಎತ್ತಿಕೊಂಡು ಸದ್ದಿಲ್ಲದೆ ಅಂಗಳ ದಾಟುತ್ತಿದ್ದೆ.

“ಬತ್ತೀನಿ ಅಂತ ಹೇಳೋಗು ಪಾತಮ್ಮ” ಎಂದರು ಹಿಂದಿನಿಂದ.

“ಹಾಗೆ ಅನ್ನಬಾರದಲ್ಲಮ್ಮ.”

“ಗೊತ್ತು ಕಣಮ್ಮ. ಆದ್ರೂ ಅನ್ನು. ಈ ಮನೇಲಿ ಆ ಮಾತು ಕೇಳಿ ತಿಂಗಳಾಯ್ತು.”

“ಬರ್ತೀನಮ್ಮ” ಎಂದೆ.

ಬಸ್ಸು ಹೊರಟ ಮೇಲೆ ಕಿಟಕಿಯಿಂದ ತಿರುಗಿ ನೋಡಿದೆ. ಲಕ್ಕಮ್ಮನವರು ಮತ್ತೆ ಜಗಲಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ನನ್ನ ಜಾಗವನ್ನು ಹಾಗೇ ಬಿಟ್ಟುಕೊಂಡು.