ಅಮಾವಾಸ್ಯೆಯ ದಿನ ಮಗ್ಗಕ್ಕೆ ಕೂತ ಟಿವಿ

ಸರಕಾರಿ ಟಿವಿಯವರು ಸೀರೆ ನೇಯುವುದನ್ನು ಚಿತ್ರ ತೆಗೆಯಲು ಇಳಕಲ್ಲಿಗೆ ಬಂದದ್ದು ಸರಿಯಾಗಿ ಅಮಾವಾಸ್ಯೆಯ ದಿನ. ನಾನು ಸಾಲಿಯಲ್ಲಿ ಹಿಂದಿ ಮಾಸ್ತರ. ಅವರ ಮಾತು ನಮ್ಮವರಿಗೆ, ನಮ್ಮವರ ಮಾತು ಅವರಿಗೆ ಹೇಳು ಎಂದು ನನ್ನನ್ನು ಜೊತೆಗೆ ಕಳಿಸಿದ್ದರು.

ಮಗ್ಗದ ಶಂಕ್ರವ್ವ ಎಲ್ಲರಿಗೂ ಚಹಾ ಕೊಟ್ಟು, "ಅಮಾಸಿ ದಿನ ಮಗ್ಗಕ್ಕ ಪೂಜಿ ಅಷ್ಟ ಮಾಡ್ತೇವ್ರಿ, ನೇಯಂಗಿಲ್ಲ. ನಾಳಿ ಬರ್ರಿ, ಬೇಕಾದಷ್ಟು ನೇದು ತೋರಸ್ತೇನಿ" ಅಂದಳು.

ನಾನು ಹಿಂದಿಯಲ್ಲಿ ಹೇಳಿದೆ. ದಿಲ್ಲಿಯ ಸಾಹೇಬ ಗಡಿಯಾರ ನೋಡಿದ. ನಾಳೆ ಅವನಿಗೆ ಬಾದಾಮಿ ಗುಹೆಗಳ ಕೆಲಸವಂತೆ. ಶಂಕ್ರವ್ವ ಬ್ಯಾಡ್ರಿ, ಬ್ಯಾಡ್ರಿ ಅನ್ನುತ್ತಿದ್ದಂತೆಯೇ ಅವರ ನಿರೂಪಕಿಗೆ ಇಳಕಲ್ ಸೀರೆ ಉಡಿಸಿ, ಪೂಜೆಯ ಹೂ ಸರಿಸಿ, ಮಗ್ಗಕ್ಕೆ ಕೂಡಿಸಿಬಿಟ್ಟ. ಆಕೆ ಲಾಳಿ ಎಳೆದ ರಭಸಕ್ಕೆ ನಾಲ್ಕಾರು ಎಳೆ ಹರಿದವು. ನಾನು ಸಾಹೇಬನ ಜೊತೆ ಜಗಳಕ್ಕೆ ನಿಂತೆ. "ಮಾಸ್ಟರ್‌ಜೀ, ನಿಮ್ಮ ಕೆಲಸ ಅನುವಾದ ಮಾಡೋದು" ಅಂದ.

ಕೆಲವು ತಿಂಗಳ ಮೇಲೆ ಟಿವಿಯಲ್ಲಿ ನಿರೂಪಕಿ ಲಾಳಿ ಎಳೆಯುತ್ತಿದ್ದಳು. ತಲೆಮಾರುಗಳಿಂದ ನೇಯುತ್ತ ಬಂದ ಇಳಕಲ್ಲಿನ ಹೆಣ್ಣುಮಗಳು ಇವಳೇ ಎಂದು ಹಿಂದಿಯಲ್ಲಿ ಹೊಗಳುತ್ತಿದ್ದರು. ಶಂಕ್ರವ್ವನ ಹೆಸರೂ ಇಲ್ಲ, ಮುಖವೂ ಇಲ್ಲ. ನನಗೆ ಮೈಯೆಲ್ಲ ಉರಿಯಿತು. ಟಿವಿಯವರಿಗೆ ಕಟುವಾಗಿಯೇ ಒಂದು ದೂರು ಬರೆದು ಹಾಕಿದೆ. ಅವರು ತಪ್ಪನ್ನೇನೂ ತಿದ್ದಲಿಲ್ಲ. ಸ್ಥಳೀಯರ ಭಾವನೆಗೆ ಬೆಲೆ ಕೊಟ್ಟಿದ್ದೇವೆ ಎಂದು ಅದೇ ಚಿತ್ರವನ್ನು ಕನ್ನಡದಲ್ಲಿ ಬಿಟ್ಟರು.

ಪಕ್ಕದ ಮನೆಯಲ್ಲಿ ಕೂತು ಅದನ್ನು ಪೂರ್ತಿ ನೋಡಿದ ಶಂಕ್ರವ್ವ ನನ್ನ ಕಡೆ ತಿರುಗಿದಳು.

"ಭಾಳ ಉಪಕಾರ ಆತ್ರಿ ಮಾಸ್ತರ. ಮದಲ ಅವರ ಸುಳ್ಳು ನಮಗ ತಿಳೀತಿರಲಿಲ್ಲ."