ಮೂರೇ ಕೆಲಸದ ಕರೀಂ ಸಾಬ್

ಹಾಲ್ಕುರಿಕೆ ದಾರಿಯಲ್ಲಿ ಹೊಗೆ ಕಾಣಿಸಿದರೆ ನಮ್ಮೂರಿನಲ್ಲಿ ಯಾರೂ ಬೆಂಕಿ ಬಿತ್ತೆಂದು ಓಡುವುದಿಲ್ಲ. ಕೆಟ್ಟುಹೋದ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಯನ್ನೆಲ್ಲ ಜಗುಲಿಗೆ ತಂದಿಟ್ಟುಕೊಂಡು ಕಾಯುತ್ತಾರೆ. ಆ ಹೊಗೆ ತಿಪಟೂರಿನ ಮೋಟಾರ್ ಮೆಕ್ಯಾನಿಕ್ ಕರೀಂ ಸಾಬರ ಸ್ಕೂಟರಿನದು. ಗಾಡಿ ಬಂದು ನಿಂತ ಮೇಲೂ ಅವರು ಕೂಡಲೇ ಕಾಣುವುದಿಲ್ಲ. ಮೊದಲು ಹೊಗೆಯೊಳಗಿಂದ ಕೆಮ್ಮು ಕೇಳುತ್ತದೆ, ಆಮೇಲೆ ಹೊಟ್ಟೆ ಹೊರಗೆ ಬರುತ್ತದೆ, ಅದರ ಹಿಂದೆ ನುಣ್ಣನೆಯ ತಲೆ, ಬಿಳಿ ಗಡ್ಡ, ಕೈಯಲ್ಲಿ ಸ್ಪ್ಯಾನರು.

ಅರವತ್ತಾರು ವರ್ಷದ ಈ ಮನುಷ್ಯನಿಗೆ ಬಾರದ ರಿಪೇರಿಯಿಲ್ಲ. ಆದರೆ ಒಂದು ಮನೆಗೆ ಒಂದು ಸಲ ಬಂದರೆ ಮೂರೇ ಕೆಲಸ. ನಾಲ್ಕನೆಯದಕ್ಕೆ ಕೈ ಹಚ್ಚುವುದಿಲ್ಲ. ಬಂದ ಕೂಡಲೇ ಬಲಗೈಯ ಮೂರು ಬೆರಳು ಎತ್ತಿ ತೋರಿಸುತ್ತಾರೆ, ಒಂದೊಂದು ಕೆಲಸ ಮುಗಿದಾಗಲೂ ಒಂದೊಂದು ಬೆರಳು ಮಡಚುತ್ತಾರೆ. ಈ ಕಾನೂನು ಮಾಡಿದ್ದು ಅವರ ಹೆಂಡತಿ ಶಾಹಿದಾ ಬೇಗಂ. ಹಿಂದೊಮ್ಮೆ ಸಾಬರು ಹುಳಿಯಾರಿನ ಯಾರದೋ ಮನೆಯಲ್ಲಿ ಒಂದರ ಹಿಂದೊಂದು ಒಂಬತ್ತು ರಿಪೇರಿ ಮಾಡುತ್ತ ಕೂತು, ಮಗಳು ರುಕ್ಸಾನಳ ನಿಶ್ಚಿತಾರ್ಥದ ಊಟವನ್ನೇ ಮರೆತಿದ್ದರಂತೆ. ಅವತ್ತಿನಿಂದ ಬೇಗಂ ಹುಕುಂ ಜಾರಿಯಾಯಿತು. ಒಪ್ಪಿಕೊಂಡ ಮೂರನ್ನು ಮುಗಿಸದೆ ಎದ್ದು ಬಂದದ್ದು ಮಾತ್ರ ಇಲ್ಲ. ಹಾಗಿದ್ದರೂ ಅವರದೇ ಮನೆಯ ಫ್ಯಾನು ಆರು ವರ್ಷದಿಂದ ಕಿರುಗುಟ್ಟುತ್ತಿದೆ ಎಂದು ಬೇಗಂ ನನ್ನ ಹತ್ತಿರ ದೂರಿದ್ದಾರೆ. ದೀಪದ ಕೆಳಗೆ ಯಾವಾಗಲೂ ಕತ್ತಲೆಯೇ.

ಹೊಗೆ, ಹೊಟ್ಟೆ, ಬೋಳುತಲೆ, ಮೂರು ಕೆಲಸ. ಇಷ್ಟು ಸಾಕಾಯಿತು ನನ್ನ ಮಗಳು ಕೃತಿಕಾಗೆ. ಎಂಟು ವರ್ಷದ ಅವಳು ಬೇಸಿಗೆ ರಜೆಯಲ್ಲಿ ಹಗಲೆಲ್ಲ ಟಿವಿಯಲ್ಲಿ ಕಾರ್ಟೂನು ನೋಡಿ ಜೀನಿಗಳ ವಿಷಯದಲ್ಲಿ ಪಂಡಿತಳಾಗಿದ್ದಳು. ಹೂಜಿ ಉಜ್ಜಿದರೆ ಹೊಗೆ ಬರುತ್ತದೆ, ಹೊಗೆಯಿಂದ ಜೀನಿ ಬರುತ್ತದೆ, ಮೂರು ವರ ಕೊಡುತ್ತದೆ, ಇನ್ನಷ್ಟು ವರ ಕೊಡು ಎಂದು ವರ ಕೇಳುವ ಹಾಗಿಲ್ಲ. ಕಳೆದ ಏಪ್ರಿಲಿನಲ್ಲಿ ನಮ್ಮ ಮಿಕ್ಸಿಗೂ ಬೋರ್‌ವೆಲ್ಲಿನ ಸ್ಟಾರ್ಟರಿಗೂ ಒಟ್ಟಿಗೇ ಕಾಯಿಲೆ ಬಂದು ಸಾಬರನ್ನು ಕರೆಸಿದಾಗ, ಅವಳು ಅವರೆದುರು ಕುಕ್ಕರಗಾಲಲ್ಲಿ ಕೂತು ನೇರವಾಗಿ ಕೇಳಿಯೇಬಿಟ್ಟಳು.

"ಸಾಬ್ ತಾತ, ನೀವು ಜೀನಿ ಅಲ್ವಾ?"

ಸಾಬರ ಕೈಯ ಸ್ಕ್ರೂ ಉರುಳಿಹೋಯಿತು. "ತೋಬಾ ತೋಬಾ! ಜಿನ್ ಅಂದ್ರೆ ತಮಾಷೆ ಅಲ್ಲ ಬೇಟಿ. ಹೊಗೆನೇ ಇಲ್ದಿರೋ ಬೆಂಕಿಯಿಂದ ಆದೋರು ಅವ್ರು. ನಮ್ಮ ಹಂಗೇ ಉಣ್ತಾರೆ, ಮದುವೆ ಆಯ್ತಾರೆ, ನಮಾಜೂ ಮಾಡ್ತಾರೆ. ಒಳ್ಳೇರೂ ಅವ್ರೆ, ಕೆಟ್ಟೋರೂ ಅವ್ರೆ. ನಿನ್ ಟಿವಿಯೋರು ಹೂಜೀಲಿ ತುಂಬಿ ಕುಣಿಸ್ತಾರಲ್ಲ, ಹಂಗಲ್ಲ. ನನ್ ಗಾಡಿ ನೋಡು, ಎಷ್ಟು ಹೊಗೆ! ನಾನು ಜಿನ್ ಅಲ್ಲ ಅಂತ ಅಲ್ಲೇ ಸಾಬೀತಾಯ್ತು."

"ಮತ್ತೆ ಮೂರೇ ಕೆಲಸ ಯಾಕೆ ಮಾಡ್ತೀರ?"

"ಅದು ನಮ್ ಬೇಗಂ ಹುಕುಂ. ನಮ್ಮ ದಾದಿಮಾ ಹೇಳೋರು, ಜಿನ್‌ಗಳು ಕಬ್ಬಿಣ ಕಂಡ್ರೆ ಓಡಿಹೋಯ್ತವೆ ಅಂತ. ನಾನು ದಿನಾ ಸ್ಪ್ಯಾನರ್ ಹಿಡ್ಕೊಂಡೇ ಇರ್ತೀನಲ್ಲವ್ವ!"

ಕೃತಿಕಾ ಆ ಸ್ಪ್ಯಾನರನ್ನು ಮುಟ್ಟಿ ನೋಡಿದಳು. "ಅದಕ್ಕೇ ನಿಮ್ ಶಕ್ತಿ ಕಮ್ಮಿಯಾಗಿ ಬರೀ ಮಿಕ್ಸಿ ರಿಪೇರಿ ಮಾಡ್ತಿದೀರ."

ಸಾಬರು ನನ್ನ ಮುಖ ನೋಡಿದರು. ಮಿಕ್ಸಿ ಗುರ್ರೆಂದಿತು, ಒಂದು ಬೆರಳು ಮಡಚಿದರು. ಸ್ಟಾರ್ಟರು ಸರಿಯಾಯಿತು, ಎರಡನೆಯದನ್ನೂ ಮಡಚಿದರು. ಮೂರನೆಯದಕ್ಕೆಂದು ನಮ್ಮತ್ತೆ ಗಿರಿಜಾಂಬಿಕಾ ಟೇಬಲ್ ಫ್ಯಾನು ತರಲು ಒಳಗೆ ಹೋದರು. ಅಷ್ಟರಲ್ಲಿ ಕೃತಿಕಾ ಮೂರನೆಯ ಬೆರಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನಮ್ಮಜ್ಜೀನೂ ಪಕ್ಕದ್ಮನೆ ರಾಮಲಕ್ಷ್ಮಜ್ಜೀನೂ ಮಾತಾಡೋ ಹಂಗೆ ಮಾಡಿ."

"ಆಯ್ತು ಬುಡವ್ವ," ಎಂದುಬಿಟ್ಟರು ಸಾಬರು. ಏನೋ ರೇಡಿಯೋ ರಿಪೇರಿ ಎಂದುಕೊಂಡವರ ಹಾಗೆ.

ನಾನು ಹಣೆ ಚಚ್ಚಿಕೊಂಡೆ. ಈ ಕೆಲಸದ ಭಾರ ಅವರಿಗೆ ಗೊತ್ತಿರಲಿಲ್ಲ.

ನಮ್ಮತ್ತೆ ಮತ್ತು ರಾಮಲಕ್ಷ್ಮಮ್ಮ ಒಂದೇ ಬೇಲಿಯ ಆಚೀಚೆಯವರು. ಬೋರ್‌ವೆಲ್ಲನ್ನು ಎರಡು ಮನೆಯವರೂ ಸೇರಿ ಕೊರೆಸಿದ್ದು. ಒಂದು ಕಾಲಕ್ಕೆ ಇಬ್ಬರೂ ಮಧ್ಯಾಹ್ನವೆಲ್ಲ ಚೌಕಾಬಾರ ಆಡಿ, ಸೋತವರು ಕಾಫಿ ಕಾಸುತ್ತಿದ್ದರಂತೆ. ಹನ್ನೊಂದು ವರ್ಷದ ಹಿಂದೆ ಅದು ಕೆಟ್ಟಿತು. ನಮ್ಮ ಕಡೆ ಕೊಬ್ಬರಿಗೆಂದು ತೆಂಗಿನಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ, ಹತ್ತಿರ ಹತ್ತಿರ ಒಂದು ವರ್ಷ ಬಿಡುತ್ತೇವೆ. ನೀರೆಲ್ಲ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಲೊಡಲೊಡ ಎನ್ನಬೇಕು. ಆಗಲೇ ಅದು ಆಯಿತು ಎಂದು ಲೆಕ್ಕ. ಆ ವರ್ಷ ಕೊಬ್ಬರಿ ವ್ಯಾಪಾರಿ ಬಂದು ನಮ್ಮ ಜಗುಲಿಯಲ್ಲಿ ಕೂತಿದ್ದಾಗ ರಾಮಲಕ್ಷ್ಮಮ್ಮ ಸುಮ್ಮನೆ ಒಂದು ಕಾಯಿ ಎತ್ತಿ ಅಲ್ಲಾಡಿಸಿ, "ಇನ್ನೂ ಆಗಿಲ್ಲ ಕಣೇ ಗಿರಿಜಿ," ಎಂದುಬಿಟ್ಟರು. ವ್ಯಾಪಾರಿ ಕಾಫಿ ಕುಡಿದು ಎದ್ದುಹೋದ. ಬೇರೆ ಊರಿನವರಿಗೆ ಇದೊಂದು ವಿಷಯವೇ ಅಲ್ಲ. ತಿಪಟೂರು ಸೀಮೆಯಲ್ಲಿ ಇನ್ನೊಬ್ಬಳ ಅಟ್ಟದ ಕಾಯಿಗೆ, ಅದೂ ವ್ಯಾಪಾರಿಯ ಎದುರು, ಕೊಂಕು ಹೇಳುವುದೆಂದರೆ ಅವಳು ಹೆತ್ತ ಮಗಳಿಗೇ ಕೊಂಕು ಹೇಳಿದ ಹಾಗೆ.

ಮಾತು ನಿಂತಿತು. ಆದರೆ ನೀರು ನಿಲ್ಲುವುದುಂಟೇ? ಸ್ವಿಚ್ಚು ನಮ್ಮ ಕಡೆ, ಸರದಿ ದಿನ ಬಿಟ್ಟು ದಿನ ಅವರದು. ಅದಕ್ಕೆ ಇಬ್ಬರೂ ಸೇರಿ, ಮಾತಾಡದೆಯೇ, ಒಂದು ದಾರಿ ಕಂಡುಕೊಂಡರು. ಬೇಲಿಯ ಪಕ್ಕ ರಾಮಲಕ್ಷ್ಮಮ್ಮನ ಎಮ್ಮೆ ಸಿಂಗಾರಿಯನ್ನು ಕಟ್ಟುತ್ತಾರೆ. "ಲೇ ಸಿಂಗಾರಿ, ನಮ್ ತೋಟಕ್ಕೆ ನೀರು ಸಾಕು ಅಂತ ಹೇಳೇ," ಎಂದು ಆ ಕಡೆಯಿಂದ ಕೂಗು. "ಸಿಂಗಾರೀ, ಆಫ್ ಮಾಡಾಯ್ತಂತೆ ಅನ್ನು," ಎಂದು ಈ ಕಡೆಯಿಂದ ಉತ್ತರ. ಹಬ್ಬ ಹರಿದಿನ, ಹೆರಿಗೆ, ಸಾವು ಎಲ್ಲವೂ ಆ ಎಮ್ಮೆಯ ಕಿವಿಯಲ್ಲೇ ಹಾದುಹೋದವು. ನಮ್ಮತ್ತೆ ಕೊಬ್ಬರಿ ಮಿಠಾಯಿ ಮಾಡಿದಾಗಲೆಲ್ಲ ಈಗಲೂ ಎರಡು ಡಬ್ಬಿ ತುಂಬುತ್ತಾರೆ, ಎರಡನೆಯದನ್ನು ಒಂದು ವಾರ ನೋಡಿ ನೋಡಿ ತಾವೇ ಸಿಟ್ಟಿನಿಂದ ತಿಂದು ಮುಗಿಸುತ್ತಾರೆ. ನನಗೆ ಅವರ ಮೇಲೆ ಕೋಪವೂ ಬರುತ್ತಿತ್ತು, ಅಯ್ಯೋ ಪಾಪವೂ ಅನಿಸುತ್ತಿತ್ತು.

ಸಾಬರು ಮೊದಲ ದಿನ ನೇರವಾಗಿ ಪ್ರಯತ್ನಿಸಿದರು. "ಗಿರಿಜಮ್ಮೋರೆ, ಹೋಗಿ ಒಂದ್ ಮಾತು ಆಡ್ಬುಡಿ, ನನ್ ಕೆಲ್ಸ ಮುಗೀತದೆ."

"ಮಾತಾಡೋಕೆ ನಮ್ಗೆ ಸಿಂಗಾರಿ ಇಲ್ವಾ?" ಎಂದರು ಅತ್ತೆ.

ಬೇಲಿಯ ಆಚೆ ಹೋಗಿ ಕೇಳಿದರೆ ಅಲ್ಲೂ ಅದೇ ಉತ್ತರ. ಆ ದಿನ ಕರೀಂ ಸಾಬರು ಒಂದು ಬೆರಳನ್ನು ಮಡಚದೆಯೇ ಸ್ಕೂಟರ್ ಹತ್ತಿದರು. ನಲವತ್ತು ವರ್ಷದ ಕಸುಬಿನಲ್ಲಿ ಒಪ್ಪಿಕೊಂಡ ಕೆಲಸ ಬಿಟ್ಟು ಎದ್ದದ್ದು ಅದೇ ಮೊದಲಂತೆ. ಎರಡು ದಿನ ಬಿಟ್ಟು ಶಾಹಿದಾ ಬೇಗಂ ನನಗೆ ಫೋನು ಮಾಡಿದರು. "ಸೌಮ್ಯಮ್ಮ, ಅದೇನು ಕೆಲಸ ಒಪ್ಸಿದೀರಿ ಇವ್ರಿಗೆ? ಬಿರಿಯಾನಿ ಮುಂದೆ ಕೂತ್ಕೊಂಡು ಬೆರಳು ನೋಡ್ಕೋತಾರೆ. ಒಂದ್ ಬೆರಳು ಎತ್ಕೊಂಡೇ ಓಡಾಡ್ತಾರೆ, ಬೀದೀಲಿ ಆಟೋದೋರು ಕರೆದ್ರು ಅಂತ ಗಾಡಿ ನಿಲ್ಸ್ತಾರೆ!" ಇತ್ತ ಕೃತಿಕಾ ದಿನಾ ಬೆಳಿಗ್ಗೆ ಬೇಲಿಯ ಹತ್ತಿರ ಹೋಗಿ ನಿಂತು, ಮಾತು ಶುರುವಾಯಿತೇ ಎಂದು ನೋಡಿ ಬರುತ್ತಿದ್ದಳು. ನಾಲ್ಕನೇ ದಿನ, "ಅಮ್ಮಾ, ಸಾಬ್ ತಾತ ನಿಜವಾದ ಜೀನಿ ಅಲ್ಲ ಅನ್ಸುತ್ತೆ," ಎಂದಳು. ಆ ದನಿ ಕೇಳಿ ನನಗೆ ನಿಜವಾಗಿಯೂ ಸಂಕಟವಾಯಿತು.

ಐದನೇ ದಿನ ಹೊಗೆ ಮತ್ತೆ ಬಂತು. ಅವತ್ತು ಬೆಳಿಗ್ಗೆಯೇ ಅಟ್ಟದಿಂದ ಕಾಯಿ ಇಳಿಸಿ ಜಗುಲಿಯಲ್ಲಿ ರಾಶಿ ಹಾಕಿದ್ದೆವು. ರಾಮಲಕ್ಷ್ಮಮ್ಮನ ನೀರಿನ ಸರದಿ, ಮೋಟಾರು ಓಡುತ್ತಿತ್ತು. ಅವರು ಅಂಗಳದಲ್ಲಿ ಹಳೇ ಸೀರೆ ಹಾಸಿ ಸಂಡಿಗೆ ಹಾಕುತ್ತಿದ್ದರು. ಸಾಬರು ನನ್ನ ಕಿವಿಯ ಹತ್ತಿರ ಬಂದರು.

"ಸೌಮ್ಯಮ್ಮ, ಫಾಲ್ಟ್ ಸಿಕ್ತು. ಲೈನ್ ಎರಡೂ ಚೆನ್ನಾಗವೆ. ನಡುವೆ ಒಂದು ಸ್ಟಾರ್ಟರ್ ಕೂತೈತಲ್ಲ, ಕರ್ರಗೆ, ಕೊಂಬು ಇಟ್ಕೊಂಡು? ಅದನ್ನ ತೆಗೆದು ಡೈರೆಕ್ಟ್ ಕೊಡ್ಬೇಕು."

ಆಮೇಲೆ ಬೇಲಿಯ ಆಚೆ ಹೋಗಿ, "ತಾಯಿ, ಇಲ್ಲಿ ಅರ್ತಿಂಗ್ ಸರಿಯಿಲ್ಲ, ಎಮ್ಮೆಗೆ ಶಾಕ್ ಹೊಡ್ದಾತು, ಆಚೆ ಕಟ್ಟಿ ಬತ್ತೀನಿ," ಎಂದು ಸುಳ್ಳು ಹೇಳಿ ಹಗ್ಗ ಬಿಚ್ಚಿದರು. ಮೋಟಾರು ಬಿಚ್ಚಿ ಅಭ್ಯಾಸವಿದ್ದವರಿಗೆ ಎಮ್ಮೆ ಬಿಚ್ಚಿ ಅಭ್ಯಾಸವಿರಲಿಲ್ಲ. ಹನ್ನೊಂದು ವರ್ಷ ಒಂದೇ ಗೂಟದಲ್ಲಿ ನಿಂತು ಊರಿನ ಮಾತೆಲ್ಲ ಕೇಳಿಸಿಕೊಂಡಿದ್ದ ಸಿಂಗಾರಿಗೂ ಸಾಕಾಗಿತ್ತೋ ಏನೋ, ಬಾಲ ಎತ್ತಿ ಓಟ ಕಿತ್ತಿತು. ಹಗ್ಗದ ತುದಿಯಲ್ಲಿ ಕರೀಂ ಸಾಬರು. "ಅರೆ ರುಕೋ! ನಿಂತ್ಕೋ ತಾಯಿ! ನಿಲ್ಲಮ್ಮಾ!" ಎಂದು ಮೂರು ಬಗೆಯಲ್ಲಿ ಬೇಡಿಕೊಂಡರೂ ಅದು ನಿಲ್ಲಲಿಲ್ಲ. ತೋಟದ ಅಂಚಿಗೆ ಹೋಗುವಾಗ ನೀರಿನ ಪೈಪಿನ ಮೇಲೆ ಕಾಲಿಟ್ಟಿತು. ಪೈಪು ಫಟ್ಟೆಂದು ಒಡೆದು, ನೀರು ಆಳೆತ್ತರ ಚಿಮ್ಮಿ ನೇರವಾಗಿ ಸಂಡಿಗೆಯ ಮೇಲೆ ಬಿತ್ತು.

ರಾಮಲಕ್ಷ್ಮಮ್ಮ ಬೇಲಿಗೆ ಓಡಿಬಂದರು. "ಲೇ ಸಿಂಗಾರೀ, ಮೋಟ್ರು..." ಎಂದು ಬಾಯಿ ತೆರೆದವರು ಹಾಗೇ ನಿಂತರು. ಗೂಟ ಖಾಲಿ. ಈ ಕಡೆ ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ತುಟಿ ಬಿಗಿಹಿಡಿದು ನಿಂತಿದ್ದಾರೆ. ರಾಮಲಕ್ಷ್ಮಮ್ಮ ಗೂಟ ನೋಡಿದರು, ಸಂಡಿಗೆ ನೋಡಿದರು, ಮತ್ತೆ ಗೂಟ ನೋಡಿದರು. ಕೃತಿಕಾ ನನ್ನ ಕೈಯನ್ನು ಎಷ್ಟು ಬಲವಾಗಿ ಹಿಡಿದಿದ್ದಳೆಂದರೆ ಬಳೆ ಒತ್ತಿ ನೋಯುತ್ತಿತ್ತು.

"ಗಿರಿಜೀ! ನಿನ್ ಕಣ್ಣೇನು ಹಿಂಗೋಗೈತಾ? ಮೋಟ್ರು ಆಫ್ ಮಾಡೇ!"

"ಬಾಯಿ ಬುಟ್ಟು ಹೇಳೋಕೆ ಇಷ್ಟು ಹೊತ್ತು ಬೇಕಾಯ್ತೇನೇ ನಿಂಗೆ!" ಎಂದು ಅತ್ತೆ ಓಡಿಹೋಗಿ ಸ್ವಿಚ್ಚು ಒತ್ತಿದರು. ಅಲ್ಲಿಂದಲೇ ಮೊರ ಎತ್ತಿಕೊಂಡು ಬೇಲಿಯ ಸಂದಿಯಲ್ಲಿ ನುಗ್ಗಿದರು. ಹತ್ತು ನಿಮಿಷ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು ಉಳಿದ ಸಂಡಿಗೆ ಬಾಚಿದರು. ಅಷ್ಟು ಚೆಂದದ ಬೈಗುಳವನ್ನು ನಾನು ಈ ಮನೆಗೆ ಬಂದ ಮೇಲೆ ಕೇಳಿರಲಿಲ್ಲ.

ಆಮೇಲೆ ನೆನೆದ ಸೀರೆಯಲ್ಲೇ ರಾಮಲಕ್ಷ್ಮಮ್ಮ ನಮ್ಮ ಜಗುಲಿಗೆ ಬಂದು ಕೂತರು. ನಾನು ಕಾಫಿ ತಂದೆ. ಅವರ ಪಕ್ಕದಲ್ಲೇ ಕಾಯಿಯ ರಾಶಿ. ಕೈಗೆ ಬಂದ ಅಭ್ಯಾಸ ಕೈ ಬಿಡುತ್ತದೆಯೇ? ಲೋಟ ಕೆಳಗಿಟ್ಟು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿಯೇಬಿಟ್ಟರು. ಆಮೇಲೆ ತಾವೇ ಬೆಚ್ಚಿ ಕಾಯನ್ನು ಮೆಲ್ಲಗೆ ಕೆಳಗಿಟ್ಟರು.

"ಏನಾಯ್ತು, ಹೇಳೇ," ಎಂದರು ಅತ್ತೆ.

"ಏನಿಲ್ಲ ಬುಡು."

"ಹೇಳೇ ಅಂದ್ರೆ!"

"ಇನ್ನೂ... ಆಗಿಲ್ಲ ಕಣೇ."

ಮುಗಿಯಿತು, ಇನ್ನು ಹನ್ನೊಂದು ವರ್ಷ, ಎಂದುಕೊಂಡೆ. ಅತ್ತೆ ಎದ್ದು ಮಚ್ಚು ತಂದರು. ಒಂದೇ ಏಟಿಗೆ ಕಾಯಿ ಎರಡು ಹೋಳಾಗಿ, ಒಳಗಿದ್ದ ನೀರು ಜಗುಲಿಯ ಮೇಲೆ ಚೆಲ್ಲಿತು. ಅದನ್ನೇ ನೋಡುತ್ತ ನಿಂತರು.

"ಆಗಿಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ, "ಅವತ್ತೂ ಆಗಿರ್ಲಿಲ್ಲ ಕಣೇ ರಾಮಿ. ನೀನು ಎದ್ದೋದ್ಮೇಲೆ ನಾನೂ ಒಂದು ಒಡೆದು ನೋಡ್ದೆ."

ರಾಮಲಕ್ಷ್ಮಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. ನನ್ನ ಕಣ್ಣೂ ಮಂಜಾಗಿತ್ತು. ಅತ್ತೆ ಒಳಗೆ ಹೋಗಿ ಮಿಠಾಯಿಯ ಎರಡನೇ ಡಬ್ಬಿ ತಂದು ಅವರ ಮಡಿಲಿಗೆ ಹಾಕಿದರು.

ಅಷ್ಟು ಹೊತ್ತಿಗೆ ತೋಟದ ಕಡೆಯಿಂದ ಸಿಂಗಾರಿ ಮುಂದೆ, ಮೈತುಂಬ ಕೆಸರಾದ ಕರೀಂ ಸಾಬರು ಹಿಂದೆ ಬಂದರು. ಒಂದು ಚಪ್ಪಲಿ ಇರಲಿಲ್ಲ. ಜಗುಲಿಯ ಮೇಲೆ ಇಬ್ಬರೂ ಕೂತದ್ದನ್ನು ನೋಡಿ ಕೃತಿಕಾಳ ಎದುರು ಬಂದು ನಿಂತು, ಎತ್ತಿದ್ದ ಬೆರಳನ್ನು ಮೆಲ್ಲಗೆ ಮಡಚಿದರು. ಅವಳು ಆ ಕೆಸರಿನ ಮುಷ್ಟಿಗೆ ಮುತ್ತು ಕೊಟ್ಟಳು. ಸಾಬರು ಗಡ್ಡ ಕೆರೆದುಕೊಂಡು ಸ್ಕೂಟರಿನ ಕಡೆ ತಿರುಗಿದರು.

"ಸಾಬ್ರೇ, ಆ ಪೈಪು?" ಎಂದರು ಅತ್ತೆ.

"ಮೂರಾಯ್ತು ಗಿರಿಜಮ್ಮೋರೆ. ಬೇಗಂ ಹುಕುಂ."

ಮುದುಕಿಯರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಗೂಟದ ಹತ್ತಿರ ಬಂದು ನಿಂತಿದ್ದ ಎಮ್ಮೆಯ ಕಡೆ ತಿರುಗಿ ಒಂದೇ ದನಿಯಲ್ಲಿ ಕೂಗಿದರು.

"ಲೇ ಸಿಂಗಾರೀ! ಪೈಪು ಸರಿ ಮಾಡ್ದೆ ಹೋಗಂಗಿಲ್ಲ ಅಂತ ಹೇಳೇ ಅವ್ರಿಗೆ!"