ಮರಳು ನುಂಗಿದ ಬಾವಿಗಳಿಗೆ ಇಳಿದು ಬಂದ ಮುದ್ದಯ್ಯ

ಹನಕೆರೆ ಸ್ಟೇಷನ್ನಿನ ಹಿಂದಿನ ಬಾವಿ. ಮೇಲೆ ಬೆಳಕು ಹರಿದಿದೆ, ಒಳಗೆ ಇನ್ನೂ ಕತ್ತಲೆ. ಚಿಕ್ಕಬೋರಮ್ಮ ಹಗ್ಗದ ತುದಿಗೆ ಬುಡ್ಡಿದೀಪ ಕಟ್ಟಿ ಮೆಲ್ಲಗೆ ಇಳಿಬಿಡುತ್ತಾರೆ. ದೀಪ ತಳದವರೆಗೂ ಉರಿದರೆ ಒಳಗಿನ ಗಾಳಿ ಚೆನ್ನಾಗಿದೆ ಎಂದರ್ಥ. ನಡುವೆ ಆರಿದರೆ ಅಂದು ಯಾರೂ ಇಳಿಯುವಂತಿಲ್ಲ. ದೀಪ ಉರಿಯುತ್ತಿದೆ. "ಇಳೀಬೌದು," ಎನ್ನುತ್ತಾರೆ. ಐವತ್ತರ ಹತ್ತಿರದ ಅವರ ಗಂಡ ಮುದ್ದಯ್ಯ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಕಲ್ಲಿನ ಸಂದಿಗೆ ಹೆಬ್ಬೆರಳು ಕೊಟ್ಟು ಮೂರಾಳು ಆಳಕ್ಕೆ ಇಳಿಯುತ್ತಾರೆ. ಸ್ವಲ್ಪ ಹೊತ್ತಿಗೆ ಕೊಳೆತ ಹೂಳಿನ ಮೊದಲ ಮಂಕರಿ ಮೇಲೆ ಬರುತ್ತದೆ.

ಅದರ ಹಿಂದೆಯೇ ತಳದಿಂದ ಒಂದು ಕೂಗು: "ಮಂಡ್ಯದಿಂದ ಯಾರಾರ ಬಂದ್ರಾ?"

"ಇನ್ನೂ ಒತ್ತು ಮೂಡಿಲ್ಲ, ನಿನ್ ಕೆಲ್ಸ ನೋಡು," ಎಂದು ಚಿಕ್ಕಬೋರಮ್ಮ ಗದರುತ್ತಾರೆ. ಹತ್ತು ಮಂಕರಿ ದಾಟುವುದರೊಳಗೆ ಅದೇ ಕೂಗು ಮತ್ತೆರಡು ಸಲ ಬರುತ್ತದೆ.

ಮುದ್ದಯ್ಯ ಕಾಯುತ್ತಿರುವುದು ಒಂದು ಚೀಟಿಗೆ. ಭೂಕಂಪದಲ್ಲಿ ನೊಂದ ಬಿಹಾರದ ಜನಕ್ಕೆ ಮಂಡ್ಯದ ಸಹಾಯ ಸಮಿತಿ ಸೋಮವಾರ ಎರಡನೇ ವ್ಯಾಗನ್ ಕಳಿಸುತ್ತದೆ. ಅದರ ಜೊತೆ ತನ್ನನ್ನೂ, ಜೊತೆಗಾರ ಜವರಯ್ಯನನ್ನೂ, ಹಗ್ಗ ರಾಟೆಗಳನ್ನೂ ಕಳಿಸಬೇಕೆಂದು ಅವರು ಕೇಳಿದ್ದಾರೆ. ಇಂದು ಶುಕ್ರವಾರ, ಉತ್ತರ ಇಂದೇ ಬರಬೇಕು. ಬಿಹಾರದಲ್ಲೀಗ ನಡುಬೇಸಗೆ. ಮಳೆ ಬೀಳಲು ಇನ್ನೂ ತಿಂಗಳ ಮೇಲಿದೆ. ಅಲ್ಲಿ ಎಷ್ಟೋ ಬಾವಿಗಳು ಮುಚ್ಚಿಕೊಂಡೇ ಇವೆ.

ಹೊಳಲಿನ ಮುದ್ದಯ್ಯ ಇಪ್ಪತ್ತೆಂಟು ವರ್ಷದಿಂದ ಬಾವಿ ಹೂಳೆತ್ತುತ್ತಿದ್ದಾರೆ. ನೀರು ಇಳಿಯುವ ಬೇಸಗೆಯ ಎರಡೂವರೆ ತಿಂಗಳೇ ಅವರ ಸುಗ್ಗಿ. ದಿನಕ್ಕೆ ನೂರಿಪ್ಪತ್ತು ಮಂಕರಿ, ಹೂಳು ಗಟ್ಟಿಯಿದ್ದರೆ ಎಂಬತ್ತು. ಒಮ್ಮೆ ಮದ್ದೂರಿನಲ್ಲಿ ತುಂಬಿದ ಮಂಕರಿ ಕಳಚಿ ಬಿದ್ದು ಎರಡು ಪಕ್ಕೆಲುಬು ಮುರಿದಿವೆ. ಕಾಲ್ಬೆರಳ ಸಂದಿ ಬೇಸಗೆಯುದ್ದಕ್ಕೂ ಕೊಳೆತೇ ಇರುತ್ತದೆ. ಇವರು ಶುದ್ಧ ಮಾಡಿದ ನೀರು ಕುಡಿದು ಸಭೆಯಲ್ಲಿ ಭಾಷಣ ಮಾಡುವವರು ಇವರ ಹೆಸರು ಕೇಳಿದ್ದನ್ನು ನಾನಂತೂ ಕಾಣೆ.

ಸಂಕ್ರಾಂತಿ ಕಳೆದ ಬೆನ್ನಲ್ಲೇ ಬಿಹಾರ ನಡುಗಿದ ಸುದ್ದಿಯನ್ನು ಎಲ್ಲರೂ ಓದಿದ್ದೇವೆ. ಸತ್ತವರ ಲೆಕ್ಕ ಓದಿ, ಅಯ್ಯೋ ಎಂದು, ಕಾಫಿ ಮುಗಿಸಿದ್ದೇವೆ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಬಡವರು ಮಾತ್ರ ಮನೆಯ ರಾಗಿ ಬೀಸಿ ಹಿಟ್ಟು ಕೊಟ್ಟರು. ಹೊಟ್ಟೆಗೆ ಹಿಟ್ಟಿದ್ದರೆ ಉಳಿದದ್ದು ಹೇಗೋ ಆಗುತ್ತದೆಂದು ನಂಬಿದ ಜನ ನಾವು. ಮೊದಲ ವ್ಯಾಗನ್ ತುಂಬ ಅದೇ ಹೋಯಿತು. ಮೂಟೆ ಕಾಯಲು, ಇಳಿಸಲು ಜೊತೆಗೆ ಹೋದವರು ಮುದ್ದಯ್ಯ ಮತ್ತು ಜವರಯ್ಯ.

"ಮುಜಫರಪುರದಾಚೆ ಒಂದಳ್ಳಿ," ಎಂದು ಮುದ್ದಯ್ಯ ನೆನೆಯುತ್ತಾರೆ. "ಮೂಟೆ ಇಳ್ಸುದ್ವಿ. ಒಬ್ಬ ಮುದುಕಮ್ಮ ಬಂದ್ಲು, ಇಟ್ಟ ಮುಟ್ಟಿ ನೋಡುದ್ಲು, ಅಂಗೈ ಬಾಯಿಗಿಟ್ಕಂಡು ನೀರಿಲ್ಲ ಅಂತ ಸನ್ನೆ ಮಾಡುದ್ಲು. ಕಲಸ್ಬೇಕಲ್ಲಪ್ಪ, ಯಾತರಲ್ಲಿ ಕಲಸ್ತಾಳೆ? ಭೂಮಿ ಸೀಳ್ಕಂಡು ನೀರು ಮರಳು ಎರಡೂವೆ ಮ್ಯಾಕೆ ಚಿಮ್ಮವೆ. ಬಾವಿ ಕಟ್ಟೆ ಮಟ್ಟಕ್ಕೆ ಮರಳು ನಿಂತದೆ. ಎಂಗಸ್ರು ಕೊಡ ಇಡ್ಕಂಡು ಅದ್ರ ಮುಂದೆ ಕುಂತವ್ರೆ."

ನಾಲೆ ಹರಿಯುವ ಸೀಮೆಯಲ್ಲಿ ಕೂತವರಿಗೆ ನೀರಿನ ಯೋಚನೆ ಹೊಳೆಯಲಿಲ್ಲ. ಮುದ್ದಯ್ಯನವರಿಗೆ ಹೊಳೆಯಿತು. ನಾಲ್ಕು ದಿನಕ್ಕೆ ಹೋದವರು ಐವತ್ತು ದಿನ ನಿಂತರು.

ಮೊದಲನೇ ಬಾವಿಯಲ್ಲೇ ದೊಡ್ಡ ತಪ್ಪು ಮಾಡಿದೆನೆಂದು ಅವರೇ ಹೇಳುತ್ತಾರೆ. ನಮ್ಮ ಕಡೆಯದು ಗಟ್ಟಿ ನೆಲ, ಕಲ್ಲುಕಟ್ಟಡದ ಬಾವಿ. ಬೇಗ ಬೇಗ ತಳದವರೆಗೆ ತೋಡಿದರೆ ಮುಗಿಯಿತು. ಅಲ್ಲಿಯದು ಹೊಳೆ ತಂದು ಹಾಕಿದ ಸಡಿಲ ಮಣ್ಣು, ಇಟ್ಟಿಗೆಯ ಬಾವಿ. ಇವರು ಹೊಳಲಿನ ವೇಗದಲ್ಲೇ ತೋಡಿದರು. ಅಡಿಯಿಂದ ಮರಳು ಮತ್ತೆ ಉಕ್ಕಿ, ಆಸರೆ ತಪ್ಪಿದ ಇಟ್ಟಿಗೆ ಸುತ್ತು ಒಂದು ಪಕ್ಕಕ್ಕೆ ಜಾರಿತು. ಒಳಗಿದ್ದ ಅಲ್ಲಿಯ ಆಳನ್ನು ಎದೆಮಟ್ಟದ ಮರಳಿನಿಂದ ಎಳೆದುಕೊಂಡರು. ಅಂದಿನಿಂದ ಕ್ರಮ ಬದಲಾಯಿತು. ಒಂದು ಮೊಳ ತೆಗೆಯುವುದು, ನಿಲ್ಲಿಸುವುದು, ನೀರು ತಿಳಿಯಾಗುವವರೆಗೆ ಕಾಯುವುದು. ಮೂರು ಮೊಳಕ್ಕೊಮ್ಮೆ ಆಳನ್ನು ಮೇಲಕ್ಕೆ ಕರೆಸಿ ಇಟ್ಟಿಗೆ ಪರೀಕ್ಷೆ. ಹೀಗೆ ಇಪ್ಪತ್ತೆರಡು ಬಾವಿಗಳಲ್ಲಿ ನೀರು ಬಂತು.

"ನೀರು ಬಂದ್ಮ್ಯಾಲೆ ನಮ್ ಇಟ್ಟು ತಿರುವಿ ಉಂಡೆ ಕೊಟ್ಟೆ. ಅವ್ರೂ ರಾಗಿ ತಿಂತಾರೆ, ರೊಟ್ಟಿ ಮಾಡ್ಕಂಡು. ನಮ್ ಉಂಡೇನ ಅಗೀತಾ ಕುಂತ್ರು. ನುಂಗ್ರಪ್ಪ ಅಂದ್ರೆ ನಗ್ತಾರೆ."

ಭೂಮಿ ನಡುಗಿದ ಬಲವನ್ನು ಅಳೆಯುವ ಯಂತ್ರಗಳು ದೊಡ್ಡ ಊರುಗಳಲ್ಲಿವೆಯಂತೆ. ಮುದ್ದಯ್ಯ ಅವನ್ನು ಕಂಡಿಲ್ಲ. ಅವರು ಅಲ್ಲಿಯ ಊರಿಗೆ ಕಾಲಿಟ್ಟೊಡನೆ ಸನ್ನೆಯಲ್ಲೇ ಕೇಳುತ್ತಿದ್ದುದು ಬೇರೆ. ತೂಗುಹಾಕಿದ ನೆಲುವು ಆಡಿತೇ? ಹಾಗಾದರೆ ಜನ ಹೆದರಿದ್ದಾರೆ, ಅಷ್ಟೆ. ಒಂದರ ಮೇಲೊಂದಿಟ್ಟ ಮಡಕೆ ಉರುಳಿದವೇ? ಅಲ್ಲಿಗೆ ಪಾತ್ರೆ ಬೇಕು. ಹತ್ತು ಮಣ್ಣಿನ ಗೋಡೆಯಲ್ಲಿ ಎಷ್ಟು ಬಿದ್ದವು? ಆ ಊರಿಗೆ ಬಿದಿರು, ಹುಲ್ಲು. ಬಾವಿ ಮರಳು ಕಾರಿತೇ? ಅಲ್ಲಿಗೆ ಹಗ್ಗ ಹಿಡಿದ ಆಳುಗಳು, ಎಲ್ಲಕ್ಕಿಂತ ಮೊದಲು.

"ಭೂಮಿ ಅಲ್ಲಾಡಿದ್ದು ಒಂದೇ ಕಿತ ಕಣಪ್ಪ. ಆದ್ರೆ ಊರೂರ್ಗೂ ಬ್ಯಾರೆ ಥರ ತಟ್ಟದೆ. ಗಟ್ಟಿ ನೆಲದ ಮ್ಯಾಲಿನ ಊರಲ್ಲಿ ಎರಡು ಗ್ವಾಡೆ ಬಿರುಕು. ಅರ್ಧ ಅರದಾರಿ ಆಚೆ, ಮರಳು ನೆಲ, ಒಂದು ಮನೆ ನಿಂತಿಲ್ಲ. ಎರಡ್ಕೂ ಒಂದೇ ಮೂಟೆ ಕಳಿಸುದ್ರೆ ಎಂಗೆ?"

ಈ ಮಾತನ್ನೇ ಅವರು ಕಳೆದ ಭಾನುವಾರ ಮಂಡ್ಯದ ಛತ್ರದಲ್ಲಿ, ಸಮಿತಿಯ ಸಭೆಯಲ್ಲಿ ಎದ್ದು ನಿಂತು ಹೇಳಿದರು. ಕಾರ್ಯದರ್ಶಿ, ವಕೀಲ ಅನಂತರಾಮಯ್ಯನವರು ಕೆಟ್ಟವರಲ್ಲ. ಅದೇ ಸಿಟ್ಟು ಬರುವ ವಿಷಯ.

"ನೋಡಪ್ಪಾ ಮುದ್ದಯ್ಯ, ಈಗಾಗಲೇ ಅರವತ್ತು ಮೂಟೆ ಸೇರಿದೆ. ನಿಮ್ಮ ಹಿಟ್ಟು ಬೇಡ್ವಂತೆ, ಹಗ್ಗ ಕೊಡಿ ಅಂತ ಜನಕ್ಕೆ ಹೇಳಕ್ಕಾಗತ್ಯೇ? ಬೇಜಾರು ಮಾಡ್ಕೋತಾರೆ."

"ಬೇಜಾರು ಇವರ್ಗೆ ಬುದ್ಧಿ. ಬಾಯಾರಿಕೆ ಅವರ್ಗೆ."

"ಭೂಕಂಪ ಅಳೆಯೋಕೆ ಹೊಳಲಿನ ಪ್ರೊಫೆಸರು ಬಂದಿದಾರೆ," ಎಂದು ಮುಂದಿನ ಸಾಲಿನ ಜರಿರುಮಾಲು ಒಂದು ನುಡಿಯಿತು. ಛತ್ರ ನಕ್ಕಿತು. ಮುದ್ದಯ್ಯ ನಗು ನಿಲ್ಲುವವರೆಗೂ ಕಾದರು. "ನಕ್ಕಳಿ ಬುದ್ಧಿ. ನಕ್ಕಂಡಾದ್ಮ್ಯಾಲೆ ಆ ಊರ್ಗೆ ಒಂದು ಕಾಗ್ದ ಬರ್ದು ಕೇಳಿ." ಕಾಗದ ಯಾರೂ ಬರೆಯಲಿಲ್ಲ. ಆಳುಗಳ ವಿಚಾರ ಯೋಚಿಸಿ ತಿಳಿಸುತ್ತೇವೆ ಎಂದರು.

ಬಿಸಿಲೇರಿದ ಮೇಲೆ ಸಮಿತಿಯ ಜವಾನ ಸೈಕಲ್ಲಿನಲ್ಲಿ ಬರುತ್ತಾನೆ. ಮುದ್ದಯ್ಯ ಮೈಯೆಲ್ಲ ಹೂಳಾಗಿ ಮೇಲೆ ಹತ್ತುತ್ತಾರೆ. ಜವಾನ ಚೀಟಿ ಬಿಚ್ಚಿ ಓದುತ್ತಾನೆ: ಹಗ್ಗ ಮತ್ತು ರಾಟೆಗಳಿಗೆ ವ್ಯಾಗನ್ನಿನಲ್ಲಿ ಜಾಗ ಕೊಡಲಾಗಿದೆ. ಆಳುಗಳಿಗೆ ಪಾಸು ಸಾಧ್ಯವಿಲ್ಲ. ಹಿಟ್ಟಿನ ಮೂಟೆ ಅರವತ್ತೂ ಹೋಗತಕ್ಕದ್ದು.

ರಾಟೆ ಎಳೆಯುತ್ತಿದ್ದ ಜವರಯ್ಯ ಕೈಬಿಟ್ಟು ಕೂರುತ್ತಾರೆ. "ನಮ್ನ ಬುಟ್ಟು ಅಗ್ಗ ಓಯ್ತದಂತೆ ಕಣ್ಲಾ ಮುದ್ದ. ಅಗ್ಗದ ಅದೃಷ್ಟ ನೋಡ್ಲಾ."

"ಆ ಅಗ್ಗ ತಾನೇ ಇಳ್ದು ಬಾವಿ ತೋಡ್ತದಾ? ನಿಮ್ ವಕೀಲ್ರ ಕೇಳ್ಕಂಡ್ ಬಾ ಓಗು," ಎಂದು ಚಿಕ್ಕಬೋರಮ್ಮ ಜವಾನನ ಮೇಲೆ ಹರಿಹಾಯುತ್ತಾರೆ. "ನಂಗ್ಯಾಕಮ್ಮ ಬೈತೀಯ, ನಾನು ಚೀಟಿ ತಂದೋನು," ಎಂದು ಅವನು ಸೈಕಲ್ ತಿರುಗಿಸುತ್ತಾನೆ.

ಮುದ್ದಯ್ಯ ಬಾವಿಕಟ್ಟೆಯ ಮೇಲೆ ಕೂರುತ್ತಾರೆ. ಎದ್ದು ಎರಡು ಹೆಜ್ಜೆ ಹೋಗಿ ಮತ್ತೆ ಕೂರುತ್ತಾರೆ. ಆಮೇಲೆ, ಮಳವಳ್ಳಿ ಸಂತೆಯ ಹಗ್ಗದವರು ಬಿಹಾರಕ್ಕೆಂದು ಧರ್ಮಕ್ಕೆ ಕೊಟ್ಟ ಕತ್ತಾಳೆ ಹಗ್ಗದ ಸುರುಳಿಯನ್ನು ಹತ್ತಿರಕ್ಕೆಳೆದು, ಮೊಳ ಅಳೆದು ಒಂದು ಗಂಟು ಹಾಕುತ್ತಾರೆ. ಇನ್ನೊಂದು ಮೊಳ, ಇನ್ನೊಂದು ಗಂಟು. ಮೂರನೆಯ ಗಂಟಿಗೆ ಬಟ್ಟೆಯ ಚೂರು ಸೇರಿಸಿ ಬಿಗಿಯುತ್ತಾರೆ.

"ಅಲ್ಲಿ ನಂಗೆ ಅವ್ರ ಮಾತು ಬರ್ತಿರ್ಲಿಲ್ಲ. ಇಂಗೇ ಮಾಡ್ತಿದ್ದೆ. ಬರೀ ಗಂಟು ಬಂದ್ರೆ ನಿಲ್ಸು. ಬಟ್ಟೆ ಬಂದ್ರೆ ಆಳ ಮ್ಯಾಕೆ ಕರ್ಸು, ಇಟ್ಟಿಗೆ ನೋಡು. ಜೊತೇಲಿ ಊಳೆತ್ತಿದೋರು ಅಲ್ಲೇ ಅವ್ರೆ, ಕಂಡ್ರೆ ತಿಳ್ಕತಾರೆ."

ಮೂರು ಸುರುಳಿ ಹಗ್ಗ. ಸೋಮವಾರದೊಳಗೆ ಮುಗಿಯಬೇಕು, ಈ ಬಾವಿಯೂ ಮುಗಿಯಬೇಕು. ಚಿಕ್ಕಬೋರಮ್ಮ ಎದುರಿಗೆ ಕೂತು, ಗಂಡ ಹಾಕಿದ ಒಂದೊಂದು ಗಂಟನ್ನೂ ಕಾಲಿಗೆ ಕೊಟ್ಟು ಜಗ್ಗಿ ನೋಡುತ್ತಾರೆ. ಇಷ್ಟು ದೂರದ ರೈಲಿನಲ್ಲಿ, ಯಾರ್ಯಾರದೋ ಕೈಯಲ್ಲಿ ಎಸೆದಾಡಿ, ಇವೆಲ್ಲ ಸಡಿಲವಾಗುವುದಿಲ್ಲವೇ ಎಂದು ಕೇಳಿದರೆ ಮುದ್ದಯ್ಯ ತಲೆ ಎತ್ತುವುದಿಲ್ಲ.

"ಇಪ್ಪತ್ತೆಂಟು ವರ್ಸ ನಾನೇ ಆಕಿದ ಗಂಟು ಸೊಂಟಕ್ಕಿಟ್ಕಂಡು ಇಳ್ದಿವ್ನಿ. ಬಿಚ್ಚಕಿಲ್ಲ ಕಣಪ್ಪ."